ಮರದ ತುದಿಯಿಂದ ನೆಲಕ್ಕೆ ಇಳಿಯುವುದು ಹೇಗೆ?

ಶಿರಸಿ ಕಡೆಯ ಯಾವುದಾದರೂ ಕಣಿವೆಯ, ಪುಕ್ಕಟೆ ಸಿಗುವ ಎತ್ತರದ ನಕ್ಷೆ ತೆರೆದು ನೋಡಿ. ಗದ್ದೆ ಮುಗಿದು ಅಡಿಕೆ ತೋಟ ಶುರುವಾಗುವಲ್ಲಿ ನೆಲ ದಿಢೀರನೆ ಎದ್ದಂತೆ ಕಾಣಬಹುದು. ಅಲ್ಲಿ ದಿಬ್ಬವೇನೂ ಇಲ್ಲ. ಬಾಹ್ಯಾಕಾಶದಿಂದ ಎತ್ತರ ಅಳೆದ ರಾಡಾರ್ ಕಂಡಿದ್ದು ಮರದ ತಲೆಯನ್ನು, ಅಷ್ಟೇ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ಅಳೆದ ಎಸ್‌ಆರ್‌ಟಿಎಂ ನಕ್ಷೆಗೂ, ಆಮೇಲೆ ಬಂದ, ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರ್ ಚೌಕಗಳ ನಕ್ಷೆಗೂ ಇದೇ ಚಾಳಿ. ಹಳ್ಳದ ನೀರು ಎತ್ತ ಹರಿಯುತ್ತದೆ ಅಂತ ಲೆಕ್ಕ ಹಾಕುವವರಿಗೆ ಇದು ತಲೆನೋವು.

ಮದ್ದು ನಾಸಾದ ಐಸ್‌ಸ್ಯಾಟ್-2 ಹತ್ತಿರ ಇದೆ. 2018ರಲ್ಲಿ ಮೇಲೇರಿದ ಈ ಉಪಗ್ರಹ ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಬಿಡುತ್ತದೆ. ಎಲೆಗಳ ಸಂದಿಯಲ್ಲಿ ನುಸುಳಿದ ಬೆಳಕಿನಲ್ಲಿ ಒಂದಿಷ್ಟು ನೆಲ ಮುಟ್ಟಿ ವಾಪಸ್ ಬರುತ್ತದೆ.

ಮೊದಲು ಕೋಪರ್ನಿಕಸ್ ನಕ್ಷೆ ಮತ್ತು ಐಸ್‌ಸ್ಯಾಟ್‌ನ ಎಟಿಎಲ್08 ಕಡತಗಳನ್ನು (ನೆಲದ ಮತ್ತು ಮರಗಳ ಎತ್ತರ ಇರುವಂಥವು) ಇಳಿಸಿಕೊಳ್ಳಿ. ಎರಡೂ ಪುಕ್ಕಟೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ರಾತ್ರಿಯ ಅಳತೆಗಳನ್ನಷ್ಟೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಹಗಲಲ್ಲಿ ಬಿಸಿಲಿನ ಗದ್ದಲ.

ಇನ್ನು ಎಲ್ಲರೂ ಎಡವುವ ಜಾಗ. ಲೇಸರ್ ಎತ್ತರ ಎಣಿಸುವುದು ಭೂಮಿಯ ಗಣಿತದ ಆಕಾರದಿಂದ, ಅಂದರೆ ಲೆಕ್ಕಕ್ಕೆಂದು ಇಟ್ಟುಕೊಂಡ ನುಣುಪಾದ, ತುಸು ಚಪ್ಪಟೆ ಗೋಳದಿಂದ. ನಕ್ಷೆ ಎಣಿಸುವುದು ಸಮುದ್ರಮಟ್ಟದಿಂದ. ಬೇರೆ ದೇಶದವರಿಗೆ ಇದು ಎಷ್ಟೋ ಕಡೆ ಸಣ್ಣ ವ್ಯತ್ಯಾಸ. ನಮಗೆ ಹಾಗಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಭೂಮಿಯ ಸೆಳೆತ ಕಡಿಮೆಯಿರುವುದರಿಂದ ಅಲ್ಲಿ ಸಮುದ್ರಮಟ್ಟವೇ ನೂರು ಮೀಟರಿಗೂ ಜಾಸ್ತಿ ಕುಸಿದಿದೆ. ಆ ಕುಳಿಯ ಅಂಚಿನಲ್ಲೇ ನಾವಿದ್ದೇವೆ. ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 86 ಮೀಟರ್! ಶಿರಸಿಗೆ ಅಂದಾಜು 85 ಅಂತಿಟ್ಟುಕೊಳ್ಳಿ. ಲೇಸರ್ 507 ಅಂದರೆ, 85 ಕೂಡಿಸಿ 592. ಅದೇ ಜಾಗಕ್ಕೆ ನಕ್ಷೆ 603 ಅನ್ನುತ್ತಿದ್ದರೆ ಉಳಿಯುವ 11 ಮೀಟರ್ ತೋಟದ್ದು. ನಿಜವಾದ ಲೆಕ್ಕಕ್ಕೆ ಅಂದಾಜು ಬೇಡ, ಈ ವ್ಯತ್ಯಾಸವನ್ನು ಜಾಗಜಾಗಕ್ಕೂ ಕೊಡುವ ಇಜಿಎಂ2008 ಕಡತವನ್ನೇ ಬಳಸಿ. ಕೋಪರ್ನಿಕಸ್ ನಕ್ಷೆಗೂ ಅದೇ ಆಧಾರ.

ಮುಂದಿನದು ಸಲೀಸು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಪ್ರತಿ ಲೇಸರ್ ಚುಕ್ಕೆಗೆ ನಕ್ಷೆಯ ಎತ್ತರ ತೆಗೆದು, ಅದರಿಂದ ಹೀಗೆ ಸಮುದ್ರಮಟ್ಟಕ್ಕೆ ಬದಲಿಸಿದ ಲೇಸರ್‌ನ ನೆಲದ ಎತ್ತರ ಕಳೆಯಿರಿ. ಕಡಿದಾದ ಇಳಿಜಾರಿನ ಚುಕ್ಕೆಗಳನ್ನು ಬಿಟ್ಟುಬಿಡಿ. ಎಟಿಎಲ್08 ಮಾಮೂಲಾಗಿ 100 ಮೀಟರ್ ಉದ್ದದ ತುಂಡಿಗೆ ಒಂದು ಎತ್ತರ ಕೊಡುತ್ತದೆ, ಘಟ್ಟದಲ್ಲಿ 100 ಮೀಟರ್ ನಡೆದರೆ ಎಷ್ಟು ಏರುತ್ತೀರಿ ಯೋಚಿಸಿ. ಹೊಸ ಕಲ್ಲುಕ್ವಾರಿಯ ಚುಕ್ಕೆಗಳನ್ನೂ ತೆಗೆಯಿರಿ. ಅಲ್ಲಿ ನಕ್ಷೆ ತಪ್ಪಿಲ್ಲ, ನೆಲವೇ ಬದಲಾಗಿದೆ.

ಉಳಿದವನ್ನು ಗದ್ದೆ, ತೋಟ, ಕಾಡು ಅಂತ ಗುಂಪು ಮಾಡಿ. ಪ್ರತಿ ಗುಂಪಿನ ವ್ಯತ್ಯಾಸಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿಯಿರಿ. ಸರಾಸರಿ ಬೇಡ, ಮೋಡಕ್ಕೆ ಬಡಿದು ಬಂದ ಒಂದೇ ಚುಕ್ಕೆ ಅದನ್ನು ಕೆಡಿಸುತ್ತದೆ. ಆ ಅಂಕಿಯನ್ನು ಆಯಾ ಗುಂಪಿನ ಪಿಕ್ಸೆಲ್‌ಗಳಿಂದ ಕಳೆಯಿರಿ. ತೋಟದ ಅಂಚಿನಲ್ಲಿ ಸಣ್ಣ ಮೆಟ್ಟಿಲು ಉಳಿಯುತ್ತದೆ, ಆರಂಭದ ಸರಳ ವಿಧಾನಕ್ಕೆ ಅಷ್ಟು ಸಹಿಸಬಹುದು.

ಪರೀಕ್ಷೆಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಎತ್ತಿಡಬೇಡಿ. ಪಕ್ಕಪಕ್ಕದ ಚುಕ್ಕೆಗಳು ಅಣ್ಣತಮ್ಮಂದಿರಿದ್ದಂತೆ, ಒಬ್ಬರ ಪರ ಇನ್ನೊಬ್ಬರು ಸಾಕ್ಷಿ ಹೇಳುತ್ತಾರೆ. ಲೇಸರ್ ಹಾದುಹೋದ ಕೆಲವು ಗೆರೆಗಳನ್ನು ಇಡಿಯಾಗಿ ಮೊದಲೇ ಪಕ್ಕಕ್ಕಿಡಿ. ತಿದ್ದಿದ ನಕ್ಷೆಯನ್ನು ಕೊನೆಗೆ ಅವುಗಳ ಜತೆ ಹೋಲಿಸಿ.