ಎರಡು ಫಾರ್ಮ್ 16 ಮತ್ತು ನನ್ನ ಅಂಜಿಕೆ

2024ರ ಜೂನ್ ತಿಂಗಳಲ್ಲಿ ನನ್ನ ಎರಡನೆಯ ಫಾರ್ಮ್ 16, ಅಂದರೆ ವರ್ಷದ ಪಗಾರ ಮತ್ತು ಮುರಿದುಕೊಂಡ ತೆರಿಗೆಯ ಲೆಕ್ಕ ತೋರಿಸಿ ಮಾಲೀಕರು ಕೊಡುವ ಪತ್ರ, ಇಮೇಲ್‌ಗೆ ಬಂದಾಗ ಅದನ್ನು ತೆರೆಯದೆ ಹಾಗೆಯೇ ಬಿಟ್ಟೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹಳೆಯ ಕಂಪನಿಯಿಂದ ಮೊದಲನೆಯದು ಒಂದು ವಾರ ಮುಂಚೆಯೇ ಬಂದಿತ್ತು, ಅದನ್ನೂ ತೆರೆದಿರಲಿಲ್ಲ. ನಾನು ಗುಣಮಟ್ಟ ತಪಾಸಣೆ ವಿಭಾಗದವನು. ದಿನವಿಡೀ ವರ್ನಿಯರ್ ಹಿಡಿದು, ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಹೆಚ್ಚು ಕಡಿಮೆಯಾದರೂ ಬಿಡಿಭಾಗವನ್ನು ಪಕ್ಕಕ್ಕೆ ಎತ್ತಿಡುವವನು ನನ್ನದೇ ತೆರಿಗೆಯ ಲೆಕ್ಕವನ್ನು ಅಳೆಯಲು ಹೆದರಿ ಮೂರು ವಾರ ಕಳೆದೆ.

ಅಂಜಿಕೆಗೆ ಕಾರಣವಿತ್ತು. 2023ರ ಅಕ್ಟೋಬರ್ ಕೊನೆಗೆ ಧಾರವಾಡದ ನೌಕರಿ ಬಿಟ್ಟು ನವೆಂಬರಿನಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಗೆ ಸೇರಿದ್ದೆ. ಹೊಸ ಕಡೆ ಸೇರಿದವರು ಹಳೆಯ ಪಗಾರದ ವಿವರವನ್ನು ಫಾರ್ಮ್ 12ಬಿಯಲ್ಲಿ ಬರೆದು ಕೊಡಬೇಕಿತ್ತು. ಆ ಫಾರ್ಮನ್ನು ಯಾರೂ ನನ್ನ ಮುಂದೆ ಇಡಲಿಲ್ಲ, ನಾನೂ ಕೇಳಲಿಲ್ಲ. ಹೀಗಾಗಿ ಇಬ್ಬರೂ ಮಾಲೀಕರು ನನ್ನ ವರ್ಷದ ಆದಾಯ ತಾವು ಕೊಡುವ ಪಗಾರವಷ್ಟೇ ಎಂದುಕೊಂಡು, ಅದು ತೆರಿಗೆ ರಿಯಾಯಿತಿಯ ಆಗಿನ ಮಿತಿಯಾದ ₹7 ಲಕ್ಷದೊಳಗೇ ಇರುವುದರಿಂದ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಒಂದು ರೂಪಾಯಿ ಸಹ ಕಡಿತ ಮಾಡಿರಲಿಲ್ಲ. ಪ್ರತಿ ತಿಂಗಳೂ ಪೂರ್ತಿ ಪಗಾರ ಕೈಗೆ ಬಂದಾಗ ನಾನು ಖುಷಿಪಟ್ಟಿದ್ದೆನೇ ಹೊರತು ಯಾಕೆ ಹೀಗೆ ಎಂದು ಕೇಳಿರಲಿಲ್ಲ. ಇದರ ಮೇಲೆ, ಅವ್ವ ತೀರಿಕೊಂಡ ಬಳಿಕ ನನ್ನ ಪಾಲಿಗೆ ಬಂದ ಮುದ್ದತಿ ಠೇವಣಿಯ ಬಡ್ಡಿಯೂ ಇತ್ತು.

ಎರಡು ಕಡೆ ದುಡಿದವರಿಗೆ ದೊಡ್ಡ ಬಾಕಿ ಬೀಳುತ್ತದೆಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದರು. ಎಷ್ಟು ದೊಡ್ಡದೆಂದು ಅವರೂ ಹೇಳಲಿಲ್ಲ. ನನ್ನ ತಲೆಯಲ್ಲಿ ಅದು ಬೆಳೆಯುತ್ತಲೇ ಹೋಗಿ ಒಂದು ಲಕ್ಷಕ್ಕೆ ಬಂದು ನಿಂತಿತು. ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ತೆರೆಯುತ್ತಿದ್ದೆ. ಪಾಸ್‌ವರ್ಡ್ ಕೇಳುವ ಪುಟ ಬರುತ್ತಿದ್ದಂತೆ ಮುಚ್ಚುತ್ತಿದ್ದೆ. ನವನಗರ ದಾಟುವುದರೊಳಗೆ ಎರಡು ಮೂರು ಸಲ ಹೀಗಾದ ದಿನಗಳೂ ಉಂಟು.

ಸಪ್ತಾಪುರದಲ್ಲಿ ನಮ್ಮ ಮನೆಯ ಎದುರಿಗೇ ಇರುವ, ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಒಬ್ಬರ ಮುಂದೆ ಜುಲೈ ಮೊದಲ ವಾರದಲ್ಲಿ ಈ ಮಾತು ತೆಗೆದೆ. ಅವರು ನನ್ನ ಕಥೆಯನ್ನು ಪೂರ್ತಿ ಕೇಳಲೂ ಇಲ್ಲ. "ಎಷ್ಟ ಕೊಡಬೇಕು ಅನ್ನೋದ ಗೊತ್ತಿಲ್ಲಲ್ಲೋ ತಮ್ಮಾ ನಿನಗ. ಮೊದಲ ಎಣಿಸು, ಆಮ್ಯಾಲ ಅಂಜೀಯಂತ" ಎಂದರು. ಲೆಕ್ಕ ಮಾಡಿಕೊಡಿ ಎಂದು ಕೇಳಬೇಕೆಂದೇ ಹೋಗಿದ್ದೆ. ಆ ಮಾತಾದ ಮೇಲೆ ಕೇಳಲು ನಾಚಿಕೆಯಾಯಿತು.

ಆ ಶನಿವಾರ ರಾತ್ರಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಎರಡೂ ಫಾರ್ಮ್‌ಗಳ ಪ್ರತಿ ತೆಗೆದು ನೆಲದ ಮೇಲೆ ಪಕ್ಕಪಕ್ಕದಲ್ಲಿ ಹರವಿಕೊಂಡು ಕುಳಿತೆ. ರಿಟರ್ನ್ ತುಂಬುವುದಿಲ್ಲ, ಬರೀ ಎಣಿಸುತ್ತೇನೆ ಎಂದು ನನಗೆ ನಾನೇ ಕರಾರು ಹಾಕಿಕೊಂಡಿದ್ದೆ. ಪೋರ್ಟಲ್‌ನಿಂದ ವಾರ್ಷಿಕ ಮಾಹಿತಿ ಪತ್ರ, ಅಂದರೆ ಎಐಎಸ್, ಇಳಿಸಿಕೊಂಡೆ. ಆ ಕಡತಕ್ಕೆ ಪಾಸ್‌ವರ್ಡ್ ಬೇಕು: ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ನಡುವೆ ಜಾಗ ಬಿಡದೆ ಹುಟ್ಟಿದ ದಿನ, ತಿಂಗಳು, ವರ್ಷ ಸೇರಿಸಬೇಕು. ದೊಡ್ಡ ಅಕ್ಷರದಲ್ಲಿ ಹಾಕಿ ಮೂರು ಸಲ ತಪ್ಪಿದೆ. ಒಳಗೆ ಇದ್ದದ್ದೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ.

ಹಳೆಯ ಕಂಪನಿಯ ಏಳು ತಿಂಗಳ ಪಗಾರ ₹3,78,000, ಹೊಸದರ ಐದು ತಿಂಗಳದ್ದು ₹3,90,000. ಎರಡೂ ಫಾರ್ಮ್‌ಗಳಲ್ಲಿ ₹50,000ದ ಪ್ರಮಾಣಿತ ಕಡಿತವನ್ನು, ಅಂದರೆ ಪಗಾರದಲ್ಲಿ ತೆರಿಗೆಯಿಂದ ಬಿಡುವ ಗೊತ್ತಾದ ಮೊತ್ತವನ್ನು, ಬೇರೆ ಬೇರೆಯಾಗಿ ಕಳೆದಿದ್ದರು. ವರ್ಷಕ್ಕೆ ಅದು ಸಿಗುವುದು ಒಂದೇ ಸಲ. ಇಲ್ಲಿಯೇ ಹಲವರು ಎಡವುತ್ತಾರೆಂದು ನನಗನಿಸುತ್ತದೆ, ಏಕೆಂದರೆ ಎರಡು ಹಾಳೆಗಳ ಕೊನೆಯ ಸಾಲನ್ನು ಕೂಡಿಸಿದರೆ ಲೆಕ್ಕ ಮುಗಿದಂತೆ ಕಾಣುತ್ತದೆ. ಒಮ್ಮೆ ಮಾತ್ರ ಕಳೆದು ₹62,000 ಠೇವಣಿ ಬಡ್ಡಿ ಸೇರಿಸಿದಾಗ ಒಟ್ಟು ಆದಾಯ ₹7,80,000 ಆಯಿತು. ತೆರಿಗೆಗೆ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸಬಹುದಿತ್ತು. ಹೊಸ ಪದ್ಧತಿಯಲ್ಲಿ ಆ ವರ್ಷ ಮೊದಲ ₹3 ಲಕ್ಷಕ್ಕೆ ತೆರಿಗೆ ಇರಲಿಲ್ಲ, ಆರರವರೆಗೆ ಶೇ. 5, ಅಲ್ಲಿಂದ ಒಂಬತ್ತರವರೆಗೆ ಶೇ. 10: ₹15,000 ಮತ್ತು ₹18,000. ತೆರಿಗೆಯ ಮೇಲೆ ಬೀಳುವ ಶೇ. 4 ಸೆಸ್ ಸೇರಿ ₹34,320. ಹಳೆಯ ಪದ್ಧತಿಯಲ್ಲಿ ಎಲ್‌ಐಸಿ, ಪಿಎಫ್ ಎಲ್ಲ ತೋರಿಸಿದರೂ ₹39,500ರ ಆಸುಪಾಸು ಬರುತ್ತಿತ್ತು, ಆದ್ದರಿಂದ ಹೊಸದನ್ನೇ ಹಿಡಿದೆ. ಬ್ಯಾಂಕು ಬಡ್ಡಿಯ ಮೇಲೆ ಮುರಿದುಕೊಂಡಿದ್ದ ₹6,200 ಕಳೆದರೆ ಉಳಿದದ್ದು ₹28,120.

ಕಣ್ಣ ಮುಂದೆ ಆ ಅಂಕಿ ಬಂದಾಗ ಹಿಗ್ಗಿದೆನೆಂದು ಹೇಳಲಾರೆ. ಇಪ್ಪತ್ತೆಂಟು ಸಾವಿರ ನನಗೆ ಸಣ್ಣ ಮೊತ್ತವಲ್ಲ. ಆದರೆ ಅದು ಕಿರಾಣಿ ಅಂಗಡಿಯ ಉದ್ದರಿಯ ಹಾಗೆ ಇತ್ತು: ಇಷ್ಟು ಎಂದು ಗೊತ್ತು, ಯಾರಿಗೆ ಎಂದು ಗೊತ್ತು, ಯಾವಾಗ ಎಂದೂ ಗೊತ್ತು.

ಬಡ್ಡಿಯನ್ನೂ ಅದೇ ರಾತ್ರಿ ಲೆಕ್ಕ ಹಾಕಿದೆ, ಏಕೆಂದರೆ ನನ್ನನ್ನು ಹೆಚ್ಚು ಕಾಡಿದ್ದು 'ದಂಡ' ಎಂಬ ಶಬ್ದ. ಟಿಡಿಎಸ್ ಕಳೆದ ಮೇಲೂ ₹10,000 ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿಯುವವರು ವರ್ಷದೊಳಗೇ ನಾಲ್ಕು ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಕಟ್ಟದಿದ್ದರೆ ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 234ಸಿ ಪ್ರಕಾರ ಕಂತು ತಪ್ಪಿದ್ದಕ್ಕೆ ಬಡ್ಡಿ, 234ಬಿ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1. ನನ್ನ ಲೆಕ್ಕದಲ್ಲಿ ಕಂತಿನ ಬಡ್ಡಿ ₹1,415, ಜುಲೈವರೆಗಿನ ನಾಲ್ಕು ತಿಂಗಳದ್ದು ₹1,124. ಎಲ್ಲ ಸೇರಿ, ಹತ್ತರ ಲೆಕ್ಕಕ್ಕೆ ಸರಿಹೊಂದಿಸಿ, ₹30,660. ತಿಂಗಳಿಗೆ ₹281 ಬಡ್ಡಿ ತರುವ ಬಾಕಿಗೆ ನಾನು ನಿದ್ದೆಗೆಟ್ಟಿದ್ದೆ. ಜುಲೈ 31 ದಾಟಿಸಿದ್ದರೆ ಮಾತ್ರ, ಆದಾಯ ₹5 ಲಕ್ಷಕ್ಕಿಂತ ಹೆಚ್ಚಿದ್ದುದರಿಂದ, ₹5,000 ವಿಳಂಬ ಶುಲ್ಕ ಬೀಳುತ್ತಿತ್ತು. ಅದರ ಮೇಲೆ ರಿಟರ್ನ್ ತಡವಾದದ್ದಕ್ಕೆ 234ಎ ಬಡ್ಡಿ ಬೇರೆ. ನಿಜವಾಗಿ ಭಾರವಾಗುತ್ತಿದ್ದದ್ದು ಬಾಕಿಗಿಂತ ನನ್ನ ತಡ.

ಅಷ್ಟೂ ಹಣ ಒಂದೇ ಸಲಕ್ಕೆ ಕೈಯಲ್ಲಿರಲಿಲ್ಲ. ಸ್ವಯಂ ಮೌಲ್ಯಮಾಪನ ತೆರಿಗೆಯನ್ನು, ಅಂದರೆ ನಾವೇ ಲೆಕ್ಕ ಹಾಕಿ ಕಟ್ಟುವ ಬಾಕಿಯನ್ನು, ಒಂದಕ್ಕಿಂತ ಹೆಚ್ಚು ಚಲನ್‌ಗಳಲ್ಲಿ ಕಟ್ಟಬಹುದು ಎಂಬುದು ಆಗ ಉಪಯೋಗಕ್ಕೆ ಬಂತು. ಮರುದಿನವೇ ₹15,000 ಕಟ್ಟಿದೆ, ಉಳಿದ ₹15,660ನ್ನು ಆರ್‌ಡಿ ಮುರಿಸಿ ಜುಲೈ ಇಪ್ಪತ್ತರ ಸುಮಾರಿಗೆ. ಪೋರ್ಟಲ್‌ನ ಇ-ಪೇ ಟ್ಯಾಕ್ಸ್ ಪುಟದಲ್ಲಿ ಒಂದೇ ಕಡೆ ಕೈ ತಡೆಯಿತು: ಹಣ ಗಳಿಸಿದ್ದು 2023-24ರಲ್ಲಾದರೂ ಅಲ್ಲಿ ಆರಿಸಬೇಕಾದದ್ದು ಮೌಲ್ಯಮಾಪನ ವರ್ಷ 2024-25, ತೆರಿಗೆಯ ಬಗೆ 300, ಅದೇ ಸ್ವಯಂ ಮೌಲ್ಯಮಾಪನ ತೆರಿಗೆ. ಇಲ್ಲಿ ವರ್ಷ ತಪ್ಪಿದರೆ ಕಟ್ಟಿದ ಹಣ ಬೇರೆ ವರ್ಷದ ಖಾತೆಗೆ ಹೋಗಿ ಕೂರುತ್ತದೆ. ಗುಂಡಿ ಒತ್ತುವ ಮೊದಲು ಆ ಸಾಲನ್ನು ಬೆರಳಿಟ್ಟು ಓದಿದೆ.

ಸಹಜ್ ಎನ್ನುವ ಐಟಿಆರ್-1 ರಿಟರ್ನ್ ನಮೂನೆಯಲ್ಲಿ ಹೆಚ್ಚಿನ ವಿವರ ಮೊದಲೇ ತುಂಬಿಕೊಂಡಿತ್ತು. ಅರ್ಧಕ್ಕೆ ಬಿಟ್ಟು ಎದ್ದರೂ ಕರಡು ಉಳಿಯುತ್ತದೆ, ಸಲ್ಲಿಸುವವರೆಗೆ ಅದು ಎಲ್ಲಿಗೂ ಹೋಗುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಬಸ್ಸಿನಲ್ಲಿ ಅಷ್ಟು ಸಲ ಫೋನ್ ಮುಚ್ಚುತ್ತಿರಲಿಲ್ಲವೇನೋ. ಎರಡೂ ಚಲನ್‌ಗಳ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ), ದಿನಾಂಕ, ಕ್ರಮಸಂಖ್ಯೆಗಳನ್ನು ರಸೀದಿಯೊಂದಿಗೆ ತಾಳೆ ನೋಡಿ, ಕಟ್ಟಬೇಕಾದ ಮೊತ್ತ ಸೊನ್ನೆ ಎಂದು ಕಂಡ ಮೇಲೆ ಸಲ್ಲಿಸಿದೆ. ದೃಢೀಕರಣಕ್ಕೆ 30 ದಿನ ಅವಕಾಶವಿತ್ತು. ಅಷ್ಟರೊಳಗೆ ಮತ್ತೆ ಅಂಜಿಕೆ ಬಂದೀತೆಂದು ಆಗಲೇ ಆಧಾರ್ ಒಟಿಪಿ ಹಾಕಿ ಮುಗಿಸಿದೆ.

ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಬೆಂಗಳೂರಿನ ಕೇಂದ್ರದಿಂದ, ಪರಿಶೀಲನೆ ಮುಗಿದ ಮೇಲೆ ಕಳಿಸುವ ಕಲಂ 143(1)ರ ಸೂಚನಾ ಪತ್ರ ಬಂದಾಗ ನಾನು ಚಿಗರಿಯಲ್ಲಿದ್ದೆ. ಎದೆ ಒಮ್ಮೆ ಹೊಡೆದುಕೊಂಡಿತು, ಆದರೆ ಉಣಕಲ್ ಬರುವುದರೊಳಗೆ ತೆರೆದು ಓದಿದೆ. ನನ್ನ ಅಂಕಿ, ಅವರ ಅಂಕಿ ಪಕ್ಕಪಕ್ಕದ ಎರಡು ಕಾಲಮ್ಮುಗಳಲ್ಲಿ ಒಂದೇ ಆಗಿದ್ದವು. ಆ ವಾರವೇ ಕಂಪನಿಯ ಲೆಕ್ಕ ವಿಭಾಗಕ್ಕೆ ಹೋಗಿ ಠೇವಣಿಯ ಬಡ್ಡಿಯನ್ನೂ ಬರೆದುಕೊಟ್ಟು, ಅದರ ತೆರಿಗೆಯನ್ನೂ ಪ್ರತಿ ತಿಂಗಳ ಪಗಾರದಲ್ಲೇ ಮುರಿದುಕೊಳ್ಳಿ ಎಂದು ಹೇಳಿ ಬಂದೆ.