ಲೆಕ್ಕಪತ್ರದ ಮೇಲೆ ಏನನ್ನೂ ಸುರಿಯಬೇಡಿ

ಇಂಗ್ಲಿಷ್ ವರದಿಗಳನ್ನು ತಿದ್ದುವವರಿಗೆ ಪದೇ ಪದೇ ಎದುರಾಗುವ ವಾಕ್ಯ: ‘ವಿ ಪೋರ್ಡ್ ಓವರ್ ದಿ ಅಕೌಂಟ್ಸ್’. ಲೆಕ್ಕಪತ್ರಗಳನ್ನು ಕೂಲಂಕಷವಾಗಿ ನೋಡಿದೆವು ಎಂದು ಹೇಳುವುದು ಬರೆದವರ ಉದ್ದೇಶ. ಕಾಗದದಲ್ಲಿ ನೋಡಿದರೆ ಪಿ, ಓ, ಆರ್, ಇ ಇರಬೇಕಾದಲ್ಲಿ ಪಿ, ಓ, ಯು, ಆರ್ ಬಂದು ಕುಳಿತಿರುತ್ತದೆ. ಅಂದರೆ ಲೆಕ್ಕಪತ್ರದ ಮೇಲೆ ಏನನ್ನೋ ಸುರಿದಿದ್ದಾರೆ. ನೀರೋ ಕಾಫಿಯೋ, ತಿಳಿಸಿಲ್ಲ.

ಮೊದಲು, ಈ ಮಾತು ನಿಮಗೆ ಬೇಕೇ ಎಂದು ನೋಡಿಕೊಳ್ಳಿ. ಸುಮ್ಮನೆ ಕಣ್ಣಾಡಿಸಿದ್ದಕ್ಕೆ ‘ಪೋರ್ ಓವರ್’ ಸಲ್ಲದು. ಕ್ರಯಪತ್ರ, ನಕ್ಷೆ, ಹಳೆಯ ಕಡತದಂತಹವನ್ನು ಹೊತ್ತು ಕೊಟ್ಟು ಓದಿದ್ದರೆ ಬಳಸಿ. ಎರಡು ಸಾಲಿನ ಇ-ಮೇಲ್‌ಗೆ ‘ರೆಡ್’ (ಓದಿದೆ) ಧಾರಾಳವಾಯಿತು.

ಎರಡನೆಯದು ಸ್ಪೆಲಿಂಗ್. ಬಹುತೇಕ ಎಲ್ಲರೂ ಎಡವುವುದು ಇಲ್ಲೇ. ನಮ್ಮ ಉಚ್ಚಾರಣೆಯಲ್ಲಿ ಎರಡು ಕ್ರಿಯಾಪದಗಳದ್ದೂ ಒಂದೇ ಸದ್ದು, ಹಾಗಾಗಿ ಕಿವಿಯನ್ನು ನಂಬುವಂತಿಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ. ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುವವರಂತೂ ಆ ಪದವನ್ನು ಕೈಯಲ್ಲೇ ತಿದ್ದಲು ಸಿದ್ಧರಿರಬೇಕು. ನನಗೆ ಒಗ್ಗಿದ ಗುರುತು ಇದು: ಇಂಗ್ಲಿಷಿನ ಸಣ್ಣ ‘ಯು’ ಲೋಟದ ಆಕಾರದ್ದು, ಸುರಿಯುವ ಕೆಲಸವಿದ್ದಲ್ಲಿ ಮಾತ್ರ ಲೋಟ ಇಡಿ. ಓದುವ ಕೆಲಸಕ್ಕೆ ಕೊನೆಯಲ್ಲಿ ‘ಇ’. ಚರ್ಮದ ರಂಧ್ರಕ್ಕೂ ಇದೇ ಸ್ಪೆಲಿಂಗ್ ಇದೆಯಲ್ಲ ಎಂದು ಗಾಬರಿ ಬೇಡ. ಆ ಪದ ಗ್ರೀಕ್ ಮೂಲದ್ದು, ಇದಕ್ಕೂ ಅದಕ್ಕೂ ನಂಟಿಲ್ಲ.

ನಿಜವಾದ ಪೇಚು ಬರುವುದು ‘ಐಎನ್‌ಜಿ’ ಸೇರಿಸುವಾಗ. ಅಲ್ಲಿ ‘ಇ’ ಬಿದ್ದುಹೋಗಿ ಪಿ, ಓ, ಆರ್, ಐ, ಎನ್, ಜಿ ಉಳಿಯುತ್ತದೆ. ಬರೆದವರಿಗೆ ಏನೋ ಕಡಿಮೆಯಾಯಿತು ಅನ್ನಿಸಿ ‘ಯು’ ತುರುಕುತ್ತಾರೆ, ಇಲ್ಲವೇ ‘ಆರ್’ ಎರಡು ಸಲ ಹಾಕುತ್ತಾರೆ. ಎರಡೂ ತಪ್ಪು. ಭೂತಕಾಲಕ್ಕೆ ‘ಇ’ ಹಾಗೇ ಇರುತ್ತದೆ, ಮುಂದೆ ಒಂದು ‘ಡಿ’ ಅಷ್ಟೇ.

ಮೂರನೆಯದು ಸುಲಭ: ‘ಓವರ್’ ಬಿಡಬೇಡಿ, ಓದಿದ ವಸ್ತುವನ್ನು ಅದರ ನಂತರವೇ ಇಡಿ. ‘ಪೋರ್ಡ್ ಓವರ್ ಇಟ್’ ಸರಿ, ‘ಪೋರ್ಡ್ ಇಟ್ ಓವರ್’ ತಪ್ಪು.

ಕಳುಹಿಸುವ ಮುನ್ನ ಕಂಟ್ರೋಲ್ ಮತ್ತು ಎಫ್ ಒತ್ತಿ ಪಿ-ಓ-ಯು-ಆರ್ ಹುಡುಕಿ. ಮಳೆ, ಕಾಂಕ್ರೀಟ್, ಹಾಲು ಸಿಕ್ಕರೆ ಮುಟ್ಟಬೇಡಿ. ಕೆಫೆಗಳ ಫಲಕದಲ್ಲಿ ಕಾಣುವ ‘ಪೋರ್ ಓವರ್’ ಕಾಫಿಗೂ ‘ಯು’ ಸರಿಯೇ, ಅಲ್ಲಿ ಬಿಸಿನೀರನ್ನು ಸುರಿಯುತ್ತಾರೆ. ಕಡತ, ವರದಿ, ದಾಖಲೆ ಸಿಕ್ಕರೆ ತಿದ್ದಿ. ಇಷ್ಟಾದರೂ ಅನುಮಾನ ಕಾಡಿದರೆ ‘ಎಗ್ಸಾಮಿನ್ಡ್ ಕ್ಲೋಸ್‌ಲಿ’ ಎಂದು ಬರೆದುಬಿಡಿ. ‘ಫಾರ್ ಯುವರ್ ಕೈಂಡ್ ಪೆರೂಸಲ್’ ಎಂಬ ಕಚೇರಿ ಸವಕಲನ್ನು ಮಾತ್ರ ಅದರ ಜಾಗಕ್ಕೆ ತರಬೇಡಿ.