ಸಣ್ಣ ಸದ್ದಿಗೂ ಬೆರಳೆತ್ತಿ

"ಸದ್ದು ಕೇಳ್ಸುತ್ತೆ ಸಾರ್, ಮಾತು ತಿಳಿಯಲ್ಲ."

ಚಿಕ್ಕಬಳ್ಳಾಪುರದಲ್ಲಿ ಕಿವಿ ಟೆಸ್ಟ್ ಮಾಡುವ ನಮ್ಮ ಪುಟ್ಟ ಕ್ಲಿನಿಕ್ಕಿಗೆ ಬಂದ ಕ್ವಾರಿ ಕೆಲಸದವರೊಬ್ಬರು ಕೂತ ಕೂಡಲೇ ಹೇಳಿದ್ದು ಇಷ್ಟೇ. 20 ವರ್ಷ ಬಂಡೆಗೆ ಡ್ರಿಲ್ ಹೊಡೆದವರು. "ಸೊಪ್ಪು ತನ್ನಿ ಅಂದ್ರೆ ಉಪ್ಪು ತರ್ತಾರೆ, ಬೇಕೂಂತ್ಲೇ ಹೀಗ್ ಮಾಡ್ತಾರೆ" ಅಂತ ಜೊತೆಗಿದ್ದ ಹೆಂಡತಿಯ ದೂರು. ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ಸೊಪ್ಪಿನ ಸಕಾರದಂಥ ತೆಳು ಸದ್ದು ಹೋದರೆ ಉಳಿಯುವ 'ಒಪ್ಪು' ಉಪ್ಪಿನ ಹಾಗೇ ಕೇಳಿಸುತ್ತೆ ಅಲ್ವಾ?

ಆದರೆ ಅವರು ಕೆಲಸ ಮುಗಿಸಿ ನೇರವಾಗಿ ಬಂದಿದ್ದರು. ದೊಡ್ಡ ಸದ್ದಿನಲ್ಲಿ ದಿನವಿಡೀ ಇದ್ದ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ. ಆಗ ಟೆಸ್ಟ್ ಮಾಡಿದರೆ ತೊಂದರೆ ಇರೋದಕ್ಕಿಂತ ಜಾಸ್ತಿ ಕಾಣುತ್ತದೆ. ಭಾನುವಾರ ರಜೆ ಕಳೆದು ಸೋಮವಾರ ಬೆಳಿಗ್ಗೆ ಬನ್ನಿ ಅಂದೆ. ಅರ್ಧ ದಿನದ ಕೂಲಿ ಹೋಗುತ್ತೆ ಅಂತ ಮುಖ ಸಣ್ಣದಾಯಿತು. ಆದರೂ ಬಂದರು.

ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ. ಗುಗ್ಗೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆಸದೆ ಮುಂದೆ ಹೋಗಿ ಪ್ರಯೋಜನವಿಲ್ಲ. ಇವರದು ಚೊಕ್ಕವಾಗಿತ್ತು. ಆಮೇಲೆ ಹೆಡ್‌ಫೋನ್ ಹಾಕಿದೆ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಫ್ಯಾನ್ ಆರಿಸಿದೆ. ಬಿ.ಬಿ. ರಸ್ತೆಯ ಲಾರಿಗಳನ್ನು ಮಾತ್ರ ಆರಿಸೋಕಾಗಲ್ಲ. ಹೊರಗಿನ ಗುಡುಗುಡು ಒಳಗೆ ಬಂದರೆ 250, 500 ಹರ್ಟ್ಜ್‌ನಂಥ ದಪ್ಪ ಸ್ವರಗಳು ಮುಚ್ಚಿಹೋಗುತ್ತವೆ. ಲಾರಿ ಹೋದಾಗ ನಾನು ಕೈ ಕಟ್ಟಿ ಕಾಯುತ್ತೇನೆ.

ಹೇಳಿಕೊಡುವ ಮಾತೇ ಈ ಟೆಸ್ಟಿನ ಅರ್ಧ ಕೆಲಸ. "ಕೇಳಿಸಿದರೆ ಬೆರಳೆತ್ತಿ" ಅಂದರೆ ಸಾಲದು. ಜನ ಅನುಮಾನವಿದ್ದರೆ ಸುಮ್ಮನೆ ಕೂರುತ್ತಾರೆ. ಹಾಗಾಗಿ "ಸೊಳ್ಳೆ ದೂರದಲ್ಲಿ ಗುಂಯ್ ಅಂದಷ್ಟು ಸಣ್ಣಗಿದ್ದರೂ ಎತ್ತಿ" ಅನ್ನುತ್ತೇನೆ. ಇದನ್ನೇ ತೆಲುಗಿನಲ್ಲೂ ಹೇಳಬೇಕಾಗುತ್ತದೆ, ನಮ್ಮ ಕಡೆ ಅದಿಲ್ಲದೆ ನಡೆಯಲ್ಲ. ನನ್ನ ಕೈ ಅವರಿಗೆ ಕಾಣದ ಹಾಗೆ ಓರೆಯಾಗಿ ಕೂರಿಸುತ್ತೇನೆ. ಒಮ್ಮೆ ಒಬ್ಬ ಅಜ್ಜಿ ಸದ್ದೇ ಇಲ್ಲದಿದ್ದರೂ ಸರಿಯಾಗಿ ಬೆರಳೆತ್ತುತ್ತಿದ್ದರು. ತಪ್ಪು ನನ್ನದೇ. ನಾನು ಗುಂಡಿಯನ್ನು ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಒತ್ತುತ್ತಿದ್ದೆ, ಅಜ್ಜಿ ಆ ತಾಳ ಹಿಡಿದುಬಿಟ್ಟಿದ್ದರು!

ಚೆನ್ನಾಗಿ ಕೇಳಿಸುವ ಕಿವಿಯಿಂದ, 1000 ಹರ್ಟ್ಜ್‌ನಿಂದ ಶುರು. ಬೆರಳೆತ್ತಿದರೆ ಸದ್ದಿನ ಜೋರನ್ನು 10 ಡೆಸಿಬಲ್ ಇಳಿಸುತ್ತೇನೆ, ಎತ್ತದಿದ್ದರೆ 5 ಏರಿಸುತ್ತೇನೆ. ಏರುವಾಗ ಮೂರರಲ್ಲಿ ಎರಡು ಸಲ ಯಾವ ಮಟ್ಟದಲ್ಲಿ ಬೆರಳು ಏಳುತ್ತದೋ ಅದನ್ನು ಬರೆದುಕೊಳ್ಳುತ್ತೇನೆ. 2000, 4000, 8000 ಮುಗಿಸಿ ಮತ್ತೆ 1000 ನೋಡುತ್ತೇನೆ. ಎರಡು ಸಲದ ನಡುವೆ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮೊದಲಿಂದ. ಕೊನೆಗೆ 500, 250.

ಆಮೇಲೆ ಕಿವಿಯ ಹಿಂದಿನ ಮೂಳೆಗೆ ಅದುರುವ ಬಿಲ್ಲೆ. ಹೊರಕಿವಿ, ನಡುಕಿವಿ ಬಿಟ್ಟು ಸದ್ದು ನೇರವಾಗಿ ಒಳಗಿವಿಗೆ ಹೋಗುತ್ತದೆ. ಮೂಳೆಯಿಂದ ಚೆನ್ನಾಗಿ ಕೇಳಿಸಿ ಹೆಡ್‌ಫೋನಿನಲ್ಲಿ ಕೇಳಿಸದಿದ್ದರೆ ಅಡ್ಡಿ ಇರುವುದು ದಾರಿಯಲ್ಲಿ. ಕಿವಿ ಸೋರುವವರಲ್ಲಿ ಇದು ಸಾಮಾನ್ಯ.

ಈ ಮೂಳೆ ಟೆಸ್ಟಿನಲ್ಲೇ ನಾನು ಹೊಸದರಲ್ಲಿ ಎಡವಿದ್ದೆ, ಬೇರೆ ಊರಿನಲ್ಲಿ. ಮಂಗನಬಾವು ಬಂದಮೇಲೆ ಎಡಗಿವಿ ಹೋದ ಹುಡುಗಿ. ಎಡಕ್ಕೆ ಹೆಡ್‌ಫೋನಿನಲ್ಲಿ 60, ಮೂಳೆಯಲ್ಲಿ 5 ಬಂತು. ನಡುಕಿವಿಯ ತೊಂದರೆ, ಆಪರೇಷನ್ನಿಂದ ಸರಿಹೋಗಬಹುದು ಅಂತ ಖುಷಿಯಾಗಿ ಬರೆದುಬಿಟ್ಟೆ. ನಮ್ಮ ಹಿರಿಯರು ಚೀಟಿ ನೋಡಿ, ಬಲಗಿವಿಗೆ ಗೊರ್ ಅನ್ನುವ ಮಾಸ್ಕಿಂಗ್ ಸದ್ದು, ಅಂದರೆ ಆ ಕಿವಿಗೆ ಟೆಸ್ಟಿನ ಸ್ವರ ಕೇಳಿಸದಂತೆ ಮುಚ್ಚುವ ಸದ್ದು, ಬಿಟ್ಟು ಮತ್ತೆ ಟೆಸ್ಟ್ ಮಾಡಿದರು. ಮಿಷನ್ನಿನ ತುದಿ ಮುಟ್ಟಿದರೂ ಬೆರಳು ಏಳಲಿಲ್ಲ. ಮೊದಲು ಕೇಳಿಸಿಕೊಂಡಿದ್ದು ಬಲಗಿವಿ. ಈ ಹೆಡ್‌ಫೋನಿನಲ್ಲಿ 40 ಡೆಸಿಬಲ್ ದಾಟಿದರೆ ಸದ್ದು ತಲೆಬುರುಡೆ ಹಾದು ಆಚೆ ಕಿವಿಗೆ ಹೋಗಬಹುದು, ಮೂಳೆಗೆ ಇಟ್ಟದ್ದಂತೂ ಎರಡೂ ಕಡೆ ಹೋಗುತ್ತದೆ. ಓದಿದ್ದೆ, ಮರೆತಿದ್ದೆ. ಆ ಮಗುವನ್ನು ಆಪರೇಷನ್‌ಗೆ ಕಳಿಸುತ್ತಿದ್ದೆನಲ್ಲ ಅಂತ ಅವತ್ತು ಊಟ ಸೇರಲಿಲ್ಲ.

ಟೆಸ್ಟಿನಲ್ಲಿ ಬಂದದ್ದನ್ನು ಗೆರೆಯಾಗಿ ತೋರಿಸುವ ಚಿತ್ರವೇ ಆಡಿಯೋಗ್ರಾಂ. ಅದರಲ್ಲಿ ಕ್ವಾರಿಯವರ ಗೆರೆ 1000ದವರೆಗೆ 20ರ ಆಸುಪಾಸಿನಲ್ಲಿ ನೆಟ್ಟಗೆ ಬಂದು, 4000ದಲ್ಲಿ ಬಾವಿಗೆ ಬಿದ್ದ ಹಾಗೆ 65ಕ್ಕೆ ಇಳಿದು, 8000ದಲ್ಲಿ ಸ್ವಲ್ಪ ಮೇಲೆದ್ದಿತ್ತು. ಎರಡೂ ಕಿವಿಯಲ್ಲಿ ಅದೇ, ಮೂಳೆಯಲ್ಲೂ ಅದೇ, ಅಂದರೆ ತೊಂದರೆ ಒಳಗಿವಿಯದು. ಇದು ತಲೆಕೆಳಗಿನ ಚಿತ್ರ, ಗೆರೆ ಇಳಿದಷ್ಟೂ ಕೇಳಿಸುವುದು ಕಡಿಮೆ. ಸದ್ದಿನಿಂದ ಕೆಟ್ಟ ಕಿವಿಯ ಗುರುತು ಈ ಹಳ್ಳ.

"ಎಷ್ಟು ಪರ್ಸೆಂಟ್ ಹೋಗಿದೆ ಸಾರ್?" ಎಲ್ಲರೂ ಕೇಳುವ ಪ್ರಶ್ನೆ. 65 ಡೆಸಿಬಲ್ ಅಂದರೆ 65 ಪರ್ಸೆಂಟ್ ಅಲ್ಲ. ಅಷ್ಟು ಜೋರಾದರೇನೇ ಆ ಸ್ವರ ಕೇಳಿಸುತ್ತದೆ ಅಂತ ಲೆಕ್ಕ. ಹೋದದ್ದು ವಾಪಸ್ ಬರಲ್ಲ, ಇನ್ನಷ್ಟು ಹೋಗದಿರಲು ಇಯರ್‌ಪ್ಲಗ್ ಹಾಕಿ ಅಂದೆ. ಹೆಂಡತಿಗೆ, ಎದುರು ನಿಂತು ನಿಧಾನವಾಗಿ ಮಾತಾಡಿ ಅಂದೆ. ಆಯಮ್ಮ ಗೆರೆಯನ್ನೇ ನೋಡುತ್ತಿದ್ದರು.

ಗಂಡ ಎದ್ದು ಹೊರಟು, ಬಾಗಿಲಲ್ಲಿ ನಿಂತರು. "ಅದನ್ನ ಹಾಕ್ಕೊಂಡ್ರೆ ಬಂಡೆ ಸಿಡಿಸೋ ಮುಂಚೆ ಊದೋ ಸೀಟಿ ಕೇಳ್ಸುತ್ತಾ?"

ಸೀಟಿಯ ಸ್ವರ ಹೆಚ್ಚೂಕಡಿಮೆ ಆ ಹಳ್ಳದ ಹತ್ತಿರವೇ ಬರೋದು. ಅವರನ್ನು ಮತ್ತೆ ಕೂರಿಸಿ, ಸಿಡಿಸುವ ಮುಂಚೆ ಕೆಂಪು ಬಾವುಟ ತೋರಿಸಬೇಕು, ಒಬ್ಬರು ಇವರ ಭುಜ ಮುಟ್ಟಿ ಹೇಳಬೇಕು ಅಂತ ಮಾಲೀಕರಿಗೆ ಕೊಡಲು ಇನ್ನೊಂದು ಚೀಟಿ ಬರೆದೆ.